ಹೊರಡುವಾಗ ನಡುಗುವ ಡಿಸಿಟಿ ಕಾರು: ಕ್ಲಚ್ ಬಿಚ್ಚಿಸುವ ಮೊದಲು

ಡಿಸಿಟಿ (ಎರಡು ಕ್ಲಚ್‌ಗಳ ಆಟೋಮ್ಯಾಟಿಕ್) ಗೇರ್‌ಬಾಕ್ಸ್ ಇರುವ ಕಾರು ಹೊರಡುವಾಗ ನಡುಗುತ್ತದೆ ಎಂದು ಯಾರಿಗೆ ಹೇಳಿದರೂ ಬರುವ ಮೊದಲ ಉತ್ತರ ‘ಕ್ಲಚ್ ಹೋಗಿದೆ’. ಎರಡನೆಯದು ‘ಈ ಗೇರ್‌ಬಾಕ್ಸ್‌ಗಳೇ ಹಾಗೆ, ಒಗ್ಗಿಕೊಳ್ಳಿ’. ಎರಡರಲ್ಲೂ ಒಂದಿಷ್ಟು ನಿಜವಿದೆ. ಆದರೆ ಹಾಗೆ ಹೇಳುವವರು ಹತ್ತು ನಿಮಿಷ ಆ ಕಾರಿನಲ್ಲಿ ಕುಳಿತು ನೋಡಿರುವುದು ಅಪರೂಪ.

ನಾನು ನಂಬುವುದು ಒಂದೇ ಪ್ರಶ್ನೆಯನ್ನು. ನಡುಕ ಬರುವ ಆ ಕ್ಷಣದಲ್ಲಿ ಕ್ಲಚ್ ಜಾರುತ್ತಿದೆಯೋ, ಇಲ್ಲವೋ? ಜಾರುವಾಗ ಮಾತ್ರ ನಡುಗಿದರೆ ಕ್ಲಚ್, ಅದರ ಆಯಿಲ್ ಅಥವಾ ಅದನ್ನು ಒತ್ತುವ ವ್ಯವಸ್ಥೆಯ ಮೇಲೆ ಸಂಶಯ ಪಡಬಹುದು. ಕ್ಲಚ್ ಪೂರ್ತಿ ಹಿಡಿದುಕೊಂಡ ಮೇಲೂ ನಡುಕ ಮುಂದುವರಿದರೆ ದೋಷ ಬೇರೆಲ್ಲೋ ಇದೆ. ಇದಕ್ಕೆ ಉತ್ತರ ಸಿಗುವ ತನಕ ಒಂದು ಬೋಲ್ಟನ್ನೂ ಸಡಿಲಿಸಬಾರದು.

ಒಳಗೆ ನಡೆಯುವುದೇನು

ಡಿಸಿಟಿ ಎಂದರೆ ಒಂದೇ ಪೆಟ್ಟಿಗೆಯಲ್ಲಿ ಕೂರಿಸಿದ ಎರಡು ಮ್ಯಾನುಯಲ್ ಗೇರ್‌ಬಾಕ್ಸ್ ಎಂದುಕೊಳ್ಳಿ. ಒಂದು ಕ್ಲಚ್‌ಗೆ 1, 3, 5ನೇ ಗೇರ್‌ಗಳು. ಇನ್ನೊಂದಕ್ಕೆ 2, 4, 6. ಒಂದರ ಶಾಫ್ಟ್ ಇನ್ನೊಂದರ ಪೊಳ್ಳು ಶಾಫ್ಟ್‌ನ ಒಳಗೆ ತಿರುಗುತ್ತದೆ. ನೀವು ಎರಡನೇ ಗೇರ್‌ನಲ್ಲಿ ಹೋಗುತ್ತಿರುವಾಗಲೇ ಮೂರನೆಯದು ತಯಾರಾಗಿ ಕುಳಿತಿರುತ್ತದೆ. ಒಂದು ಕ್ಲಚ್ ಬಿಡುತ್ತದೆ, ಇನ್ನೊಂದು ಹಿಡಿಯುತ್ತದೆ.

ಹಳೆಯ ಮಾದರಿಯ ಆಟೋಮ್ಯಾಟಿಕ್‌ನಲ್ಲಿ ಎಂಜಿನ್ ಮತ್ತು ಗೇರ್‌ಗಳ ನಡುವೆ ಟಾರ್ಕ್ ಕನ್ವರ್ಟರ್ ಇರುತ್ತದೆ. ಅದರೊಳಗಿನ ಆಯಿಲ್ ಎಲ್ಲ ಒರಟುತನವನ್ನೂ ನುಂಗಿಕೊಳ್ಳುತ್ತದೆ. ಡಿಸಿಟಿಯಲ್ಲಿ ಆ ಮೆತ್ತೆ ಇಲ್ಲ. ಕಾರು ನಿಂತಲ್ಲಿಂದ ಹೊರಡಬೇಕಾದರೆ ಕ್ಲಚ್ ಜಾರುತ್ತಲೇ ಹಿಡಿಯಬೇಕು. ಮ್ಯಾನುಯಲ್ ಕಾರಿನ ಚಾಲಕ ಎಡಗಾಲಿನಿಂದ ಮಾಡುವ ಅರ್ಧ ಕ್ಲಚ್ ಕೆಲಸವನ್ನು ಇಲ್ಲಿ ಒಂದು ಕಂಪ್ಯೂಟರ್ ಮಾಡುತ್ತದೆ. ಎಷ್ಟು ಒತ್ತಿದರೆ ಪ್ಲೇಟ್ ಆಗಷ್ಟೇ ತಾಗುತ್ತದೆ ಎಂಬ ಬಿಂದುವನ್ನು ಅದು ಕಲಿತು ನೆನಪಿಟ್ಟುಕೊಂಡಿರುತ್ತದೆ. ಪ್ಲೇಟ್ ಸವೆದಂತೆ ಆ ಬಿಂದು ಸರಿಯುತ್ತದೆ. ಕಂಪ್ಯೂಟರ್ ಮತ್ತೆ ಮತ್ತೆ ಕಲಿಯುತ್ತದೆ. ಕಲಿತದ್ದು ತಪ್ಪಾದರೆ ಹಿಡಿತ ಒಮ್ಮೆಲೇ ಬೀಳುತ್ತದೆ, ಕಾರು ಜರ್ಕ್ ಹೊಡೆಯುತ್ತದೆ.

ಜರ್ಕ್ ಬೇರೆ, ನಡುಕ ಬೇರೆ. ಒಮ್ಮೆ ಮಾತ್ರ ‘ಧಕ್’ ಎಂದು ತಳ್ಳಿದಂತಾದರೆ ಅದು ಜರ್ಕ್. ಕಲಿಕೆಯ ತಪ್ಪು, ಮೌಂಟಿಂಗ್ (ಎಂಜಿನ್, ಗೇರ್‌ಬಾಕ್ಸ್‌ಗಳನ್ನು ಹಿಡಿದಿಡುವ ರಬ್ಬರ್ ಆಧಾರ) ಸಡಿಲ ಅಥವಾ ಗೇರ್ ಬದಲಾವಣೆಯ ಒರಟುತನ ಕಾರಣವಿರಬಹುದು. ನಡುಕವೆಂದರೆ ಸೆಕೆಂಡಿಗೆ ಹಲವು ಬಾರಿ ಮರುಕಳಿಸುವ ಅದುರು. ಕರಿಹಲಗೆಯ ಮೇಲೆ ಸೀಮೆಸುಣ್ಣ ಕಿರುಗುಟ್ಟುವುದು ನೆನಪಿದೆಯಲ್ಲವೇ? ಅಂಟುತ್ತದೆ, ಜಾರುತ್ತದೆ, ಮತ್ತೆ ಅಂಟುತ್ತದೆ. ಕ್ಲಚ್‌ನ ಮೇಲ್ಮೈ ಕೆಟ್ಟಾಗ ಅಲ್ಲಿ ಆಗುವುದೂ ಅದೇ. ಒಳ್ಳೆಯ ಪ್ಲೇಟಿನಲ್ಲಿ ಜಾರುವಿಕೆ ಕಡಿಮೆಯಾಗುತ್ತಾ ಬಂದಾಗ ಘರ್ಷಣೆ ಏರುವುದಿಲ್ಲ, ಹಿಡಿತ ನಯವಾಗಿ ಬಿಗಿಯಾಗುತ್ತದೆ. ಆಯಿಲ್ ತಾಗಿದ ಅಥವಾ ಸುಟ್ಟು ಗಾಜಿನಂತೆ ಹೊಳಪಾದ ಪ್ಲೇಟಿನಲ್ಲಿ ಜಾರುವ ವೇಗ ಇಳಿದಷ್ಟೂ ಘರ್ಷಣೆ ಏರುತ್ತದೆ. ಆಗ ಅದು ಒಮ್ಮೆ ಕಚ್ಚಿ, ಒಮ್ಮೆ ಬಿಟ್ಟು, ಇಡೀ ಕಾರನ್ನು ಅಲುಗಾಡಿಸುತ್ತದೆ.

ಕ್ಲಚ್ ಅಲ್ಲದ್ದನ್ನು ಮೊದಲು ಹೊರಗೆ ಹಾಕಿ

ಸಮತಟ್ಟಾದ, ವಾಹನಗಳಿಲ್ಲದ ಜಾಗವೊಂದನ್ನು ಹುಡುಕಿಕೊಳ್ಳಿ. ಎಂಜಿನ್ ಬಿಸಿಯಾಗಲಿ. ಗೇರ್ ಎನ್‌ನಲ್ಲಿರಲಿ (ನ್ಯೂಟ್ರಲ್), ಹ್ಯಾಂಡ್‌ಬ್ರೇಕ್ ಎಳೆದಿರಲಿ. ಎಂಜಿನ್ ಸುಮ್ಮನೆ ಓಡುತ್ತಿರುವಾಗ ಸ್ಟೀರಿಂಗ್ ಮೇಲೆ ಬೆರಳಿಟ್ಟು ನೋಡಿ. ಎಸಿ ಹಾಕಿ, ಆರಿಸಿ. ಇಲ್ಲಿಯೇ ಅದುರು ಕಂಡರೆ ಎರಡು ಕ್ಲಚ್‌ಗಳೂ ಬಿಟ್ಟುಕೊಂಡಿರುವ ಸ್ಥಿತಿಯಲ್ಲಿ ಅದು ಬಂದಿದೆ ಎಂದಾಯಿತು. ಎಂಜಿನ್ ಕಡೆ ನೋಡಬೇಕು.

ಒಂದು ಸಿಲಿಂಡರ್ ಸರಿಯಾಗಿ ಉರಿಯದಿದ್ದರೆ (ಇದೇ ಮಿಸ್‌ಫೈರ್) ಹೊರಡುವಾಗ ಬರುವ ನಡುಕ ಕ್ಲಚ್‌ನ ನಡುಕದಂತೆಯೇ ಇರುತ್ತದೆ. ನಿಂತಾಗ ಅಷ್ಟಾಗಿ ಗೊತ್ತಾಗದ್ದು ಹೊರೆ ಬಿದ್ದ ಕೂಡಲೇ ಹೊರಬರುತ್ತದೆ. ಸ್ಕ್ಯಾನರ್‌ನಲ್ಲಿ ಪಿ0300 ಅಥವಾ ಪಿ0301ರಿಂದ ಪಿ0304ರವರೆಗಿನ ಕೋಡ್ ಇದೆಯೇ ನೋಡಿ. ಕೋಡ್ ಇಲ್ಲವೆಂದು ಸಮಾಧಾನಪಡಬೇಡಿ. ಎಚ್ಚರಿಕೆ ದೀಪ ಉರಿಯುವಷ್ಟು ಮಿಸ್‌ಫೈರ್ ಆಗದೆಯೂ ಕಾರು ನಡುಗಬಹುದು. ಒಂದೊಂದು ಸಿಲಿಂಡರಿನ ಮಿಸ್‌ಫೈರ್ ಎಣಿಕೆಯನ್ನು ಚಾಲನೆಯಲ್ಲಿರುವಾಗಲೇ ತೋರಿಸುವ ಸ್ಕ್ಯಾನರ್ ಸಿಕ್ಕರೆ ಅರ್ಧ ಕೆಲಸ ಮುಗಿಯಿತು. ಎರಡನೇ ಸಿಲಿಂಡರಿನ ಎಣಿಕೆ ಏರುತ್ತಿದೆ ಎನ್ನಿ. ಎಂಜಿನ್ ಆರಿಸಿ, ಎರಡು ಮತ್ತು ಮೂರನೇ ಸಿಲಿಂಡರುಗಳ ಕಾಯಿಲ್‌ಗಳನ್ನು (ಸ್ಪಾರ್ಕ್ ಪ್ಲಗ್‌ಗೆ ವಿದ್ಯುತ್ ಕೊಡುವ ಭಾಗ) ಅದಲುಬದಲು ಮಾಡಿ ಮತ್ತೆ ಓಡಿಸಿ. ಎಣಿಕೆ ಮೂರಕ್ಕೆ ಹೋದರೆ ಕಾಯಿಲ್ ಕೆಟ್ಟಿದೆ. ಎರಡರಲ್ಲೇ ಉಳಿದರೆ ಸ್ಪಾರ್ಕ್ ಪ್ಲಗ್, ಇಂಜೆಕ್ಟರ್, ಅದಕ್ಕೂ ಮುಂದೆ ಕಂಪ್ರೆಷನ್. ಪೆಟ್ರೋಲನ್ನು ನೇರವಾಗಿ ಸಿಲಿಂಡರಿನೊಳಗೆ ಸಿಂಪಡಿಸುವ ಎಂಜಿನ್‌ಗಳಲ್ಲಿ ಇಂಟೇಕ್ ವಾಲ್ವ್‌ನ ಬೆನ್ನಿಗೆ ಕಾರ್ಬನ್ ಕಟ್ಟುತ್ತದೆ. ಪೆಟ್ರೋಲ್ ವಾಲ್ವ್ ಮೇಲೆ ಬೀಳದ ಕಾರಣ ತೊಳೆದು ಹೋಗುವ ಅವಕಾಶವೇ ಇಲ್ಲ. ತಣ್ಣಗಿರುವಾಗ ಮಾತ್ರ ನಡುಗಿ, ಹತ್ತು ನಿಮಿಷದಲ್ಲಿ ಸರಿಹೋಗುವ ಕಾರುಗಳಲ್ಲಿ ಇದನ್ನೂ ನೆನಪಿಡಿ.

ಇನ್ನು ಮೌಂಟಿಂಗ್. ಇದರ ಬಗ್ಗೆ ನನಗೆ ವೈಯಕ್ತಿಕ ಸಿಟ್ಟಿದೆ. ನನ್ನ ಕಾರು ಹೊರಡುವಾಗ ನಡುಗಲಾರಂಭಿಸಿದಾಗ ಒಂದು ವರ್ಕ್‌ಶಾಪ್‌ನಲ್ಲಿ ಇಡೀ ಕ್ಲಚ್ ಸೆಟ್ ಬದಲಿಸಿದರು. ಕಾರು ಹೊರಗೆ ಬಂತು, ನೂರು ಮೀಟರ್ ಹೋಯಿತು, ನಿಂತು ಹೊರಟಾಗ ಅದೇ ನಡುಕ. ‘ಹೊಸ ಪ್ಲೇಟ್ ಕೂತುಕೊಳ್ಳಬೇಕು’ ಎಂದರು. ಎರಡು ತಿಂಗಳಾದರೂ ಅದು ಕೂತುಕೊಳ್ಳಲಿಲ್ಲ. ಕೊನೆಗೆ ಒಂದು ಸಂಜೆ ಬಾನೆಟ್ ತೆರೆದಿಟ್ಟು, ತಮ್ಮನನ್ನು ಚಾಲಕನ ಸೀಟಿನಲ್ಲಿ ಕೂರಿಸಿ, ಬ್ರೇಕನ್ನು ಗಟ್ಟಿಯಾಗಿ ಒತ್ತಿಟ್ಟು ಡಿಯಿಂದ ಆರ್‌ಗೆ, ಆರ್‌ನಿಂದ ಡಿಗೆ ಹಾಕಲು ಹೇಳಿದೆ. ಆಕ್ಸಿಲರೇಟರ್ ಮುಟ್ಟಬೇಡ ಎಂದಿದ್ದೆ. ಪ್ರತಿ ಸಲ ಎಂಜಿನ್, ಮಲಗಿದ್ದ ಎಮ್ಮೆ ಏಳುವಂತೆ ಒಂದು ಬದಿಗೆ ಹೊರಳಿ ‘ದಬ್’ ಎಂದು ಕೂರುತ್ತಿತ್ತು. ಟಾರ್ಚ್ ಹಿಡಿದು ಕೆಳಗೆ ಬಗ್ಗಿ ನೋಡಿದರೆ, ಗೇರ್‌ಬಾಕ್ಸ್ ಹಿಂದಕ್ಕೆ ಮುಂದಕ್ಕೆ ತೂಗದಂತೆ ತಡೆಯುವ ಕೆಳಗಿನ ಮೌಂಟಿಂಗ್‌ನ ರಬ್ಬರ್ ನಡುವೆ ಸೀಳಿ ಬಾಯಿ ಬಿಟ್ಟಿತ್ತು. ಆ ಸೀಳಿನೊಳಗೆ ಕಿರುಬೆರಳು ಹೋಗುತ್ತಿತ್ತು. ರಬ್ಬರ್ ಬದಲಿಸಿದ ದಿನವೇ ನಡುಕ ನಿಂತಿತು. ಹಳೆಯ ಕ್ಲಚ್ ಪ್ಲೇಟುಗಳನ್ನು ಆಮೇಲೆ ತರಿಸಿ ನೋಡಿದೆ. ಅವುಗಳಲ್ಲಿ ಇನ್ನೂ ಸಾಕಷ್ಟು ಜೀವ ಉಳಿದಿತ್ತು.

ಈ ಪರೀಕ್ಷೆ ಮಾಡುವವರು ಕಾರಿನ ಮುಂದೆ ನಿಲ್ಲಬೇಡಿ, ಬದಿಯಲ್ಲಿ ನಿಲ್ಲಿ. ಚಕ್ರಗಳಿಗೆ ಅಡ್ಡಗಟ್ಟಿ ಇಡಿ. ಟಾರ್ಕ್ ಕನ್ವರ್ಟರ್ ಕಾರುಗಳಲ್ಲಿ ಬ್ರೇಕ್ ಒತ್ತಿಕೊಂಡೇ ಆಕ್ಸಿಲರೇಟರ್ ತುಳಿದು ನೋಡುವ ಪರೀಕ್ಷೆಯೊಂದಿದೆ. ಅದನ್ನು ಡಿಸಿಟಿಯಲ್ಲಿ ಎಂದಿಗೂ ಮಾಡಬಾರದು. ಕೆಲವೇ ಸೆಕೆಂಡುಗಳಲ್ಲಿ ಒಳ್ಳೆಯ ಕ್ಲಚ್ ಕೂಡ ಸುಡಬಹುದು.

ಬ್ರೇಕ್ ಕೂಡ ಮೋಸ ಮಾಡುತ್ತದೆ. ಪೆಡಲನ್ನು ಅರ್ಧಂಬರ್ಧ ಸಡಿಲಿಸಿ ಕಾರನ್ನು ತೆವಳಲು ಬಿಟ್ಟಾಗ ಪ್ಯಾಡ್ ಮತ್ತು ಡಿಸ್ಕ್ ನಡುವೆಯೇ ಆ ಸೀಮೆಸುಣ್ಣದ ಆಟ ನಡೆದು ‘ಗ್ರ್‌ರ್’ ಎಂಬ ಸದ್ದಿನೊಂದಿಗೆ ಕಾರು ಅದುರುತ್ತದೆ. ಪೆಡಲಿನಿಂದ ಕಾಲನ್ನು ಪೂರ್ತಿ ಎತ್ತಿ ನೋಡಿ. ಸದ್ದು, ಅದುರು ಎರಡೂ ಆ ಕ್ಷಣವೇ ಮಾಯವಾದರೆ ಗೇರ್‌ಬಾಕ್ಸ್‌ನ ತಪ್ಪೇನೂ ಇಲ್ಲ.

ಆಕ್ಸಲ್‌ನ ಒಳಗಿನ (ಗೇರ್‌ಬಾಕ್ಸ್ ಕಡೆಯ) ಜಾಯಿಂಟ್ ಸವೆದಿದ್ದರೆ ಜೋರಾಗಿ ಆಕ್ಸಿಲರೇಟರ್ ಒತ್ತಿದಾಗ ನಡುಕ ಬರುತ್ತದೆ, ಕಾಲು ಸಡಿಲಿಸಿದರೆ ಹೋಗುತ್ತದೆ. ಗೇರ್ ಯಾವುದಾದರೂ ಅಷ್ಟೇ. ಗಂಟೆಗೆ 80 ಕಿ.ಮೀ. ವೇಗ ದಾಟಿದ ಮೇಲೆ ಮಾತ್ರ ಬರುವ ಅದುರಿಗೆ ಚಕ್ರದ ಬ್ಯಾಲೆನ್ಸಿಂಗ್ ಮಾಡಿಸಿ, ಈ ಬರಹವನ್ನು ಇಲ್ಲಿಗೇ ಬಿಡಿ.

ನಡುಕವನ್ನು ಎಣಿಸಿ

ಇದು ನನಗೆ ಬಹಳ ಇಷ್ಟವಾದ ಹೆಜ್ಜೆ. ವರ್ಕ್‌ಶಾಪ್‌ಗಳಲ್ಲಿ ಇದನ್ನು ಮಾಡುವವರು ಕಡಿಮೆ. ಬೇರೆ ಬೇರೆ ದೋಷಗಳ ನಡುಕಕ್ಕೆ ಬೇರೆ ಬೇರೆ ಲಯವಿದೆ, ಅದನ್ನು ಅಳೆಯಲು ಮೊಬೈಲ್ ಸಾಕು. ಅಲುಗಾಟ ಅಳೆಯುವ ಸೆನ್ಸರ್ ಬಹುತೇಕ ಎಲ್ಲ ಸ್ಮಾರ್ಟ್‌ಫೋನ್‌ಗಳಲ್ಲೂ ಇರುತ್ತದೆ. ಅದರ ಓದನ್ನು ಗೆರೆಯಾಗಿ ತೋರಿಸುವ ಆ್ಯಪ್‌ಗಳು ಉಚಿತವಾಗಿ ಸಿಗುತ್ತವೆ. ಅಷ್ಟು ಬೇಡವೆನಿಸಿದರೆ ಅರ್ಧ ನೀರು ತುಂಬಿದ ಪಾರದರ್ಶಕ ಬಾಟಲಿಯನ್ನು ಡ್ಯಾಶ್‌ಬೋರ್ಡ್ ಮುಂದೆ ಅಲುಗದಂತೆ ಸಿಕ್ಕಿಸಿ, ನೀರಿನ ಮೇಲ್ಮೈ ಮತ್ತು ಆರ್‌ಪಿಎಂ ಮುಳ್ಳು ಎರಡೂ ಕಾಣುವಂತೆ ಪಕ್ಕದ ಸೀಟಿನಲ್ಲಿರುವವರು ಸ್ಲೋ ಮೋಷನ್ ವಿಡಿಯೊ ತೆಗೆಯಲಿ. ಸೆಕೆಂಡಿಗೆ 240 ಚಿತ್ರ ತೆಗೆಯುವ ಮೊಬೈಲ್‌ನಲ್ಲಿ, 24 ಚಿತ್ರಗಳಿಗೊಮ್ಮೆ ನೀರು ತುಳುಕಿದರೆ ಸೆಕೆಂಡಿಗೆ 10 ಬಾರಿ ನಡುಗುತ್ತಿದೆ ಎಂದರ್ಥ. ನೀರಿಗೆ ತನ್ನದೇ ತುಳುಕಾಟವೂ ಇರುವುದರಿಂದ ಆ್ಯಪ್‌ನ ಓದೇ ಹೆಚ್ಚು ನಂಬಿಕೆಗೆ ಅರ್ಹ, ಬಾಟಲಿ ಕಣ್ಣಿಗೆ ಹಬ್ಬ ಅಷ್ಟೇ.

ಮಿಸ್‌ಫೈರ್‌ನ ನಡುಕ ಎಂಜಿನ್ ವೇಗಕ್ಕೆ ಕಟ್ಟುಬಿದ್ದಿರುತ್ತದೆ. ಫೋರ್ ಸ್ಟ್ರೋಕ್ ಎಂಜಿನ್‌ನಲ್ಲಿ ಒಂದು ಸಿಲಿಂಡರ್ ಉರಿಯುವುದು ಎರಡು ಸುತ್ತಿಗೊಮ್ಮೆ. 840 ಆರ್‌ಪಿಎಂ ಎಂದರೆ ಸೆಕೆಂಡಿಗೆ 14 ಸುತ್ತು. ಒಂದು ಸಿಲಿಂಡರ್ ಸತ್ತಿದ್ದರೆ ಸೆಕೆಂಡಿಗೆ 7 ಬಾರಿ ಗುದ್ದು. ಎಂಜಿನ್ ವೇಗ ಏರಿದಂತೆ ಎಣಿಕೆಯೂ ಅದೇ ಪ್ರಮಾಣದಲ್ಲಿ ಏರುತ್ತದೆ.

ಜಾಯಿಂಟ್‌ನ ನಡುಕ ಚಕ್ರದ ವೇಗಕ್ಕೆ ಕಟ್ಟುಬಿದ್ದಿರುತ್ತದೆ. ಒಳಗಿನ ಜಾಯಿಂಟ್‌ಗೆ ಸಾಮಾನ್ಯವಾಗಿ ಮೂರು ರೋಲರ್, ಹಾಗಾಗಿ ಚಕ್ರದ ಸುತ್ತಿಗೆ ಮೂರು ಗುದ್ದು. ಟೈರಿನ ಸುತ್ತಳತೆ 1.9 ಮೀಟರ್ ಇದ್ದರೆ, 20 ಕಿ.ಮೀ. ವೇಗದಲ್ಲಿ ಚಕ್ರ ಸೆಕೆಂಡಿಗೆ ಸುಮಾರು 3 ಸುತ್ತು, ಗುದ್ದು 9ರ ಹತ್ತಿರ. 40 ಕಿ.ಮೀ.ನಲ್ಲಿ ಅದರ ಎರಡರಷ್ಟು.

ಕ್ಲಚ್‌ನಲ್ಲಿ ಎರಡು ಬಗೆ. ಪ್ಲೇಟ್ ಬಾಗಿದ್ದರೆ, ಅದನ್ನು ಒತ್ತಿ ಹಿಡಿಯುವ ಪ್ರೆಷರ್ ಪ್ಲೇಟ್ ಓರೆಯಾಗಿ ಕೂತಿದ್ದರೆ, ಶಾಫ್ಟ್ ನೇರವಿಲ್ಲದಿದ್ದರೆ, ಎಂಜಿನ್ ಮತ್ತು ಶಾಫ್ಟ್ ವೇಗಗಳ ವ್ಯತ್ಯಾಸದಷ್ಟು ಸಲ ಗುದ್ದು ಬೀಳುತ್ತದೆ. ಎಂಜಿನ್ 1,200, ಶಾಫ್ಟ್ 600 ಇರುವಾಗ ವ್ಯತ್ಯಾಸ 600, ಅಂದರೆ ಸೆಕೆಂಡಿಗೆ 10. ಕಾರು ವೇಗ ಪಡೆದು ಶಾಫ್ಟ್ 900 ಮುಟ್ಟಿದಾಗ ವ್ಯತ್ಯಾಸ 300, ಸೆಕೆಂಡಿಗೆ 5. ಕಾರಿನ ವೇಗ ಏರುತ್ತದೆ, ನಡುಕದ ಲಯ ಮಾತ್ರ ನಿಧಾನವಾಗುತ್ತಾ ಹೋಗಿ ನಿಲ್ಲುತ್ತದೆ. ಮೇಲ್ಮೈ ಕೆಟ್ಟು ಅಂಟಿ ಜಾರುವ ನಡುಕದ ಲಯ ಹೀಗೆ ಬದಲಾಗುವುದಿಲ್ಲ. ಎಂಜಿನ್‌ನಿಂದ ಚಕ್ರದವರೆಗಿನ ಶಾಫ್ಟ್‌ಗಳೆಲ್ಲ ಸ್ಪ್ರಿಂಗಿನಂತೆ ತಿರುಚಿಕೊಂಡು ಬಿಚ್ಚಿಕೊಳ್ಳುವ ಸಹಜ ಲಯದಲ್ಲೇ ಅದು ಬರುತ್ತದೆ. ಸಾಮಾನ್ಯವಾಗಿ ಸೆಕೆಂಡಿಗೆ 5ರಿಂದ 20ರೊಳಗಿನ ಒಂದು ಸಂಖ್ಯೆಗೆ ಅಂಟಿಕೊಂಡಿರುತ್ತದೆ. ಹೊಸದಾಗಿ ಕ್ಲಚ್ ಹಾಕಿದ ಕಾರಿನಲ್ಲಿ ಲಯ ಇಳಿಯುತ್ತಾ ಹೋಗುವ ನಡುಕ ಕಂಡರೆ, ಜೋಡಣೆಯಲ್ಲಿ ತಪ್ಪಾಗಿದೆ ಎಂದು ನಾನು ಮೊದಲು ಅನುಮಾನಿಸುತ್ತೇನೆ.

ಎರಡರಲ್ಲಿ ಯಾವ ಕ್ಲಚ್

ನಿಂತಲ್ಲಿಂದ ಹೊರಡುವುದು ಮೊದಲ ಗೇರ್‌ನಲ್ಲಿ, ಹಾಗಾಗಿ ಬೆಸ ಗೇರ್‌ಗಳ ಕ್ಲಚ್ ಜಾರುತ್ತಿರುತ್ತದೆ. ಒಂದರಿಂದ ಎರಡಕ್ಕೆ ಹೋಗುವಾಗ ನಡುಕ ಬಂದರೆ ಸಮ ಗೇರ್‌ಗಳ ಕ್ಲಚ್. ಮ್ಯಾನುಯಲ್ ಮೋಡ್‌ನಲ್ಲಿ ಎರಡನೇ ಗೇರ್‌ನಿಂದಲೇ ಹೊರಡಲು ಬಿಡುವ ಕಾರಾದರೆ ಒಂದೆರಡು ಸಲ ಹಾಗೆ ಹೊರಟು ನೋಡಿ. ಮೊದಲ ಗೇರ್‌ನಲ್ಲಿ ನಡುಗಿ ಎರಡನೆಯದರಲ್ಲಿ ಹಾಯಾಗಿ ಹೊರಟರೆ ಸಂಶಯ ಒಂದು ಕ್ಲಚ್‌ಗೆ ಇಳಿಯುತ್ತದೆ. ಎರಡರಲ್ಲೂ ಒಂದೇ ಥರ ನಡುಗಿದರೆ ಎರಡಕ್ಕೂ ಸಾಮಾನ್ಯವಾದದ್ದನ್ನು ಹುಡುಕಿ: ಮೌಂಟಿಂಗ್, ಫ್ಲೈವೀಲ್ (ಎಂಜಿನ್ ತುದಿಯ ಭಾರದ ಚಕ್ರ), ಆಯಿಲ್, ಎಂಜಿನ್.

ರಿವರ್ಸ್ ಒಳ್ಳೆಯ ಸಾಕ್ಷಿ, ಆದರೆ ಅದು ಯಾರ ಕಡೆಯ ಸಾಕ್ಷಿ ಎಂದು ತಿಳಿದಿರಬೇಕು. ಫೋಕ್ಸ್‌ವ್ಯಾಗನ್‌ನ 7 ಗೇರ್‌ಗಳ ಡಿಕ್ಯೂ200ರಲ್ಲಿ ರಿವರ್ಸ್ ಸಮ ಗೇರ್‌ಗಳ ಕ್ಲಚ್ ಮೇಲಿದೆ. ಅದೇ ಕಂಪನಿಯ 6 ಗೇರ್‌ಗಳ ಡಿಕ್ಯೂ250ರಲ್ಲಿ ಬೆಸ ಗೇರ್‌ಗಳ ಕ್ಲಚ್ ಮೇಲಿದೆ. ಒಂದು ಗೇರ್‌ಬಾಕ್ಸ್‌ನ ಅನುಭವವನ್ನು ಇನ್ನೊಂದಕ್ಕೆ ಅಂಟಿಸಿದರೆ ಸರಿಯಾದ ಪರೀಕ್ಷೆಯಿಂದ ತಪ್ಪು ಉತ್ತರ ಸಿಗುತ್ತದೆ.

ಒಣ ಕ್ಲಚ್

ಈ ಎರಡು ಗೇರ್‌ಬಾಕ್ಸ್‌ಗಳ ನಡುವೆ ಇನ್ನೊಂದು ದೊಡ್ಡ ವ್ಯತ್ಯಾಸವಿದೆ. ಡಿಕ್ಯೂ200 ಒಣ ಕ್ಲಚ್‌ನದು, 250 ನ್ಯೂಟನ್ ಮೀಟರ್ ಟಾರ್ಕ್‌ವರೆಗಿನ ಎಂಜಿನ್‌ಗಳಿಗೆ. ಡಿಕ್ಯೂ250ರ ಕ್ಲಚ್‌ಗಳು ಆಯಿಲ್‌ನಲ್ಲಿ ಮುಳುಗಿರುತ್ತವೆ, 350ರವರೆಗೆ ತಡೆಯುತ್ತವೆ. ನಿಮ್ಮ ಕಾರಿನದು ಯಾವುದೆಂದು ತಿಳಿಯದೆ ಮುಂದೆ ಹೋಗಬೇಡಿ.

ಒಣ ಕ್ಲಚ್‌ನ ಶಾಖ ಹೋಗಲು ಗಾಳಿ ಬಿಟ್ಟರೆ ಬೇರೆ ದಾರಿಯಿಲ್ಲ. ಕಾರುಗಳ ಸಾಲಿನಲ್ಲಿ ಅಡಿ ಅಡಿ ಸರಿಯುತ್ತಾ ಅರ್ಧ ಗಂಟೆ ಕಳೆದರೆ ಪ್ಲೇಟ್ ಚೆನ್ನಾಗಿ ಕಾಯುತ್ತದೆ. ಹಾಗೆ ಕಾದಾಗ ಮಾತ್ರ ನಡುಗಿ, ಖಾಲಿ ರಸ್ತೆಯಲ್ಲಿ ಹದಿನೈದು ನಿಮಿಷ ಓಡಿದ ಮೇಲೆ ಸರಿಹೋದರೆ ಮೇಲ್ಮೈ ಸುಟ್ಟು ಹೊಳಪಾಗುವ ದಾರಿಯಲ್ಲಿದೆ. ಕೆಲವು ಕಾರುಗಳಲ್ಲಿ ಮಿತಿ ಮೀರಿ ಬಿಸಿಯಾದಾಗ ಕಂಪ್ಯೂಟರೇ ಬೇಕೆಂದು ಕಾರನ್ನು ಅದುರಿಸಿ ಚಾಲಕನನ್ನು ಎಚ್ಚರಿಸುತ್ತದೆ, ಜತೆಗೆ ಡ್ಯಾಶ್‌ಬೋರ್ಡ್‌ನಲ್ಲಿ ಸಂದೇಶವೂ ಬರುತ್ತದೆ. ಅದು ದೋಷವಲ್ಲ, ‘ಪಕ್ಕಕ್ಕೆ ನಿಲ್ಲಿಸು’ ಎಂಬ ಸೂಚನೆ. ಪಿಯಲ್ಲಿಟ್ಟು, ಎಂಜಿನ್ ಓಡುತ್ತಿರುವಂತೆಯೇ ಬಿಟ್ಟು ತಣಿಯಲು ಸಮಯ ಕೊಡಿ. ನಿಮ್ಮ ಕಾರಿನ ಕೈಪಿಡಿ ಬೇರೆ ರೀತಿ ಹೇಳಿದ್ದರೆ ಅದರಂತೆ ಮಾಡಿ.

ಮಳೆಯಲ್ಲಿ ನಿಂತಿದ್ದ ಕಾರು ಬೆಳಿಗ್ಗೆ ಮೊದಲ ನಾಲ್ಕೈದು ಸಲ ನಡುಗಿ ಸುಮ್ಮನಾದರೆ ತಲೆ ಕೆಡಿಸಿಕೊಳ್ಳಬೇಡಿ. ಪ್ರೆಷರ್ ಪ್ಲೇಟ್ ಎರಕದ ಕಬ್ಬಿಣದ್ದು. ರಾತ್ರಿಯ ತೇವಕ್ಕೆ ತೆಳ್ಳಗೆ ತುಕ್ಕು ಹಿಡಿಯುತ್ತದೆ, ನಾಲ್ಕು ಸಲ ಉಜ್ಜಿಕೊಂಡಾಗ ಹೋಗುತ್ತದೆ. ಬ್ರೇಕ್ ಡಿಸ್ಕ್‌ಗೆ ಆಗುವುದೂ ಇದೇ, ಅದು ಕಣ್ಣಿಗೆ ಕಾಣುತ್ತದೆ ಅಷ್ಟೇ.

ತಣ್ಣಗಿದ್ದರೂ ಬಿಸಿಯಿದ್ದರೂ, ಮಳೆಯಿದ್ದರೂ ಬಿಸಿಲಿದ್ದರೂ ನಡುಗಿದರೆ ಆಯಿಲ್ ಸೋರಿಕೆ ಹುಡುಕಿ. ಎಂಜಿನ್ ಮತ್ತು ಗೇರ್‌ಬಾಕ್ಸ್ ಕೂಡುವ ಜಾಗದ ತಳದಲ್ಲಿ ಸಣ್ಣ ರಂಧ್ರವೋ ಸಂದೋ ಇರುತ್ತದೆ. ಕಾರನ್ನು ಲಿಫ್ಟ್ ಮೇಲೆ ಏರಿಸಿ, ಅಲ್ಲಿಗೆ ಬಿಳಿ ಬಟ್ಟೆ ಸುತ್ತಿದ ಕಡ್ಡಿ ತೂರಿಸಿ ತೆಗೆಯಿರಿ. ಬಟ್ಟೆಗೆ ಒಣ ಕಪ್ಪು ಧೂಳು ಹತ್ತಿದರೆ ಅದು ಪ್ಲೇಟ್ ಸವೆದ ಪುಡಿ. ಜಿಡ್ಡು ಹತ್ತಿದರೆ ಮೂಸಿ ನೋಡಿ. ಗೇರ್ ಆಯಿಲ್‌ಗೆ ಗಂಧಕದ ಘಾಟು ಇರುತ್ತದೆ, ಹಾಗಿದ್ದರೆ ಸೋರುತ್ತಿರುವುದು ಇನ್‌ಪುಟ್ ಶಾಫ್ಟ್‌ನ ಸೀಲ್. ಘಾಟಿಲ್ಲದ, ಕಪ್ಪು ತಿರುಗಿದ ಜಿಡ್ಡಾದರೆ ಎಂಜಿನ್‌ನ ಹಿಂದಿನ ಸೀಲ್. ಆಯಿಲ್ ಕುಡಿದ ಪ್ಲೇಟನ್ನು ತೊಳೆದು ಮತ್ತೆ ಬಳಸುವ ಆಸೆ ಬೇಡ.

ಫೋರ್ಡ್‌ನ ಒಣ ಕ್ಲಚ್ ಪವರ್‌ಶಿಫ್ಟ್ ಗೇರ್‌ಬಾಕ್ಸ್‌ನ ಹೆಸರಾಂತ ರೋಗಗಳಲ್ಲಿ ಇನ್‌ಪುಟ್ ಶಾಫ್ಟ್ ಸೀಲ್ ಸೋರಿ ಕ್ಲಚ್ ಒದ್ದೆಯಾಗುವುದೂ ಒಂದು. ಆ ಗೇರ್‌ಬಾಕ್ಸ್ ಕುರಿತ ದೂರುಗಳನ್ನು ನಿಭಾಯಿಸಿದ ರೀತಿಗಾಗಿ 2018ರಲ್ಲಿ ಆಸ್ಟ್ರೇಲಿಯಾದ ಫೆಡರಲ್ ನ್ಯಾಯಾಲಯ ಕಂಪನಿಯ ಅಲ್ಲಿನ ಶಾಖೆಗೆ 1 ಕೋಟಿ ಆಸ್ಟ್ರೇಲಿಯನ್ ಡಾಲರ್ ದಂಡ ವಿಧಿಸಿತು. ಗ್ರಾಹಕರಿಗೆ ಸಿಗುತ್ತಿದ್ದ ಉತ್ತರಗಳಲ್ಲಿ ‘ನೀವು ಓಡಿಸುವ ರೀತಿಯೇ ಕಾರಣ’ ಎಂಬುದೂ ಇತ್ತು. ಯಾರಾದರೂ ಆ ಮಾತನ್ನು ನಿಮಗೂ ಹೇಳಿದರೆ ಮೊದಲು ಆ ಬಿಳಿ ಬಟ್ಟೆ ತೋರಿಸಿ.

ಒದ್ದೆ ಕ್ಲಚ್

ಇಲ್ಲಿ ಮೊದಲ ಸಂಶಯ ಆಯಿಲ್ ಮೇಲೆ. ಒದ್ದೆ ಕ್ಲಚ್‌ನಲ್ಲಿ ನಯವಾದ ಹಿಡಿತ ಕೊಡುವುದು ಪ್ಲೇಟ್ ಒಂದೇ ಅಲ್ಲ, ಆಯಿಲ್‌ನಲ್ಲಿ ಬೆರೆಸಿದ ರಾಸಾಯನಿಕಗಳೂ ಹೌದು. ಅವು ಶಾಖಕ್ಕೆ ಸಿಕ್ಕಿ ಮುಗಿಯುತ್ತವೆ. ಡಿಕ್ಯೂ250ಕ್ಕೆ ನಿಗದಿಯಾದ ಆಯಿಲ್ ಬದಲಾವಣೆಯ ಅವಧಿ 60,000 ಕಿ.ಮೀ. ‘ಜೀವಮಾನವಿಡೀ ಬದಲಿಸಬೇಕಿಲ್ಲ’ ಎಂದು ಯಾರೋ ಹೇಳಿದ ಮಾತು ನಂಬಿ ಅದರ ಎರಡರಷ್ಟು ಓಡಿಸಿದ್ದರೆ ಬೇರೇನನ್ನೂ ನೋಡುವ ಮೊದಲು ಆಯಿಲ್ ಮತ್ತು ಫಿಲ್ಟರ್ ಬದಲಿಸಿ. ಹಾಕಬೇಕಾದದ್ದು ಆ ಗೇರ್‌ಬಾಕ್ಸ್‌ಗೆ ಸೂಚಿಸಿದ ಡಿಸಿಟಿ ಆಯಿಲ್. ಸಾಮಾನ್ಯ ಆಟೋಮ್ಯಾಟಿಕ್‌ನ ಆಯಿಲ್ ಹಾಕಿದರೆ ನಡುಕವನ್ನು ನೀವೇ ಕರೆತಂದಂತೆ.

ಮಟ್ಟ ನೋಡುವುದರಲ್ಲಿಯೂ ಎಡವುತ್ತಾರೆ. ಡಿಕ್ಯೂ250ರಲ್ಲಿ ಎಂಜಿನ್ ಓಡುತ್ತಿರುವಾಗ, ಆಯಿಲ್ 35ರಿಂದ 45 ಡಿಗ್ರಿ ಸೆಲ್ಸಿಯಸ್ ನಡುವೆ ಇರುವಾಗ, ಕೆಳಗಿನ ಬೋಲ್ಟ್ ತೆಗೆದು ಹೆಚ್ಚಿನದನ್ನು ಹರಿಯಬಿಡಬೇಕು. ಧಾರೆ ಕಡಿದು ಹನಿ ಹನಿಯಾದಾಗ ಮಟ್ಟ ಸರಿ. ಗೇರ್‌ಬಾಕ್ಸ್ ಕುದಿಯುವಷ್ಟು ಬಿಸಿಯಿದ್ದಾಗ ಇದೇ ಕೆಲಸ ಮಾಡಿದರೆ ಆಯಿಲ್ ಹಿಗ್ಗಿರುವುದರಿಂದ ಅಗತ್ಯಕ್ಕಿಂತ ಹೆಚ್ಚು ಹೊರಗೆ ಹೋಗುತ್ತದೆ.

ಒದ್ದೆ ಕ್ಲಚ್‌ನಲ್ಲಿ ‘ಜಾರುತ್ತಿದೆಯೋ, ಇಲ್ಲವೋ’ ಎಂಬ ನನ್ನ ಸೂತ್ರಕ್ಕೊಂದು ತೊಡಕಿದೆ. ಎಂಜಿನ್‌ನ ಗುದ್ದುಗಳನ್ನು ನುಂಗಲೆಂದು ಕಂಪ್ಯೂಟರ್ ಅನೇಕ ಸಲ ಕ್ಲಚ್ಚನ್ನು ಪೂರ್ತಿ ಬಿಗಿಯದೆ ಬಹಳ ಸಣ್ಣ ಪ್ರಮಾಣದಲ್ಲಿ ಜಾರಲು ಬಿಟ್ಟಿರುತ್ತದೆ. ಹಾಗಾಗಿ ಮೂರು, ನಾಲ್ಕನೇ ಗೇರ್‌ನಲ್ಲಿ, 1,500 ಆರ್‌ಪಿಎಂ ಆಸುಪಾಸಿನಲ್ಲಿ, ಕಾಲು ಹಗುರವಾಗಿಟ್ಟು ಹೋಗುವಾಗ ರಸ್ತೆಯ ಉಬ್ಬುಗಳ ಮೇಲೆ ಹೋದಂಥ ಅದುರು ಬಂದರೆ ಅದೂ ಕ್ಲಚ್‌ನದೇ ಆಗಿರಬಹುದು. ಅದೇ ವೇಗದಲ್ಲಿ ಒಂದು ಗೇರ್ ಕೆಳಗಿಳಿಸಿ. ಹೊಣೆ ಇನ್ನೊಂದು ಕ್ಲಚ್‌ಗೆ ಹೋಗುತ್ತದೆ, ಎಂಜಿನ್ ವೇಗವೂ ಬದಲಾಗುತ್ತದೆ. ಅದುರು ಹೋದರೆ ಸ್ಕ್ಯಾನರ್‌ನಲ್ಲಿ ಜಾರುವಿಕೆಯ ಅಂಕಿಯನ್ನು ನೋಡುವ ಸಮಯ ಬಂದಿದೆ.

ಸ್ಕ್ಯಾನರ್ ಹೇಳುವುದು, ಹೇಳದಿರುವುದು

ಅಗ್ಗದ ಸ್ಕ್ಯಾನರ್ ಎಂಜಿನ್‌ನ ಕೋಡ್‌ಗಳನ್ನು ಓದುತ್ತದೆ, ಗೇರ್‌ಬಾಕ್ಸ್‌ನ ಒಳಮಾತು ಅದಕ್ಕೆ ಕೇಳಿಸುವುದಿಲ್ಲ. ಕ್ಲಚ್‌ಗಳ ಉಷ್ಣತೆ, ಜಾರುವಿಕೆ, ಕಲಿತ ಬಿಂದು, ಸವೆತದ ಅಂದಾಜು ಇವೆಲ್ಲ ಬೇಕಾದರೆ ಆ ಕಂಪನಿಯ ಸ್ಕ್ಯಾನರ್ ಅಥವಾ ಅದಕ್ಕೆ ಸಮನಾದದ್ದೇ ಬೇಕು. ಪಿ0810ರಂತಹ ಕ್ಲಚ್ ನಿಯಂತ್ರಣದ ಕೋಡ್ ಇದ್ದರೆ ಪ್ಲೇಟ್‌ಗಿಂತ ಮೊದಲು ಅದನ್ನು ಒತ್ತುವ ಮೋಟಾರ್, ವೈರ್, ಕನೆಕ್ಟರ್ ನೋಡಬೇಕು. ಹಾಗೆಯೇ ಬ್ಯಾಟರಿ. ಎಂಜಿನ್ ಆರಿಸಿ ಕೆಲ ಗಂಟೆ ಕಳೆದ ಮೇಲೆ ಒಳ್ಳೆಯ ಬ್ಯಾಟರಿ ಸುಮಾರು 12.6 ವೋಲ್ಟ್ ತೋರಿಸುತ್ತದೆ. ವಿದ್ಯುತ್ ಮೋಟಾರಿನಿಂದ ಕ್ಲಚ್ ಒತ್ತುವ ಗೇರ್‌ಬಾಕ್ಸ್‌ಗಳು ಬಡಕಲು ಬ್ಯಾಟರಿಯಲ್ಲಿ ಚಿತ್ರವಿಚಿತ್ರವಾಗಿ ವರ್ತಿಸುತ್ತವೆ.

ಈಗ ಅಡಾಪ್ಟೇಶನ್ ವಿಷಯ. ಕಲಿತದ್ದನ್ನೆಲ್ಲ ಅಳಿಸಿ, ಕಂಪ್ಯೂಟರ್‌ಗೆ ತಾಗುವ ಬಿಂದುವನ್ನು ಹೊಸದಾಗಿ ಕಲಿಸುವುದು. ಎಲ್ಲಕ್ಕೂ ಮೊದಲು ಇದನ್ನೇ ಮಾಡುವವರಿದ್ದಾರೆ. ನನಗೆ ಅದು ಒಪ್ಪಿಗೆಯಿಲ್ಲ. ಹಳೆಯ ಅಂಕಿಗಳು ಸಾಕ್ಷ್ಯ, ಅಳಿಸಿದರೆ ಸಾಕ್ಷ್ಯವೇ ಹೋಯಿತು. ಪರದೆಯ ಫೋಟೊ ತೆಗೆದಿಟ್ಟುಕೊಂಡು ಆಮೇಲೆ ಅಳಿಸಿ. ಹೊಸದಾಗಿ ಕಲಿಸಿದ ಮೇಲೆ ನಡುಕ ಹೋಗಿ ತಿಂಗಳುಗಟ್ಟಲೆ ಬರದಿದ್ದರೆ ರೋಗ ಕಲಿಕೆಯದೇ ಆಗಿತ್ತು. ಕೆಲವು ನೂರು ಕಿಲೋಮೀಟರ್‌ಗಳಲ್ಲಿ ಮರಳಿ ಬಂದರೆ ಲೋಹದಲ್ಲೋ ರಬ್ಬರಿನಲ್ಲೋ ಆಯಿಲ್‌ನಲ್ಲೋ ದೋಷ ಉಳಿದಿದೆ. ಮತ್ತೆ ಮತ್ತೆ ಅಳಿಸುತ್ತಾ ಕೂರುವುದು ವ್ಯರ್ಥ. ಗೇರ್‌ಬಾಕ್ಸ್ ಕಂಪ್ಯೂಟರ್‌ಗೆ ಹೊಸ ಸಾಫ್ಟ್‌ವೇರ್ ಬಂದಿದೆಯೇ ಎಂದೂ ಇದೇ ಹೊತ್ತಿಗೆ ಕೇಳಿ. ಹೊರಡುವಾಗಿನ ಹಿಡಿತವನ್ನು ಅದರಿಂದಲೇ ಸುಧಾರಿಸಿದ ಉದಾಹರಣೆಗಳಿವೆ.

ಕ್ಲಚ್ಚೇ ಎಂದು ಖಚಿತವಾದರೆ

ಮೇಲಿನದೆಲ್ಲ ದಾಟಿ ಬಂದು ಕ್ಲಚ್ ಬದಲಿಸಲೇಬೇಕೆಂದಾದರೆ, ಕೆಲಸ ಮಾಡುವವರೊಂದಿಗೆ ಮೊದಲೇ ಮಾತಾಡಿಕೊಳ್ಳಿ. ಗೇರ್‌ಬಾಕ್ಸ್ ಇಳಿಸಿದ ಮೇಲೆ ಎರಡೂ ಕಡೆಯ ಸೀಲ್‌ಗಳನ್ನು ಸೋರುತ್ತಿರಲಿ ಬಿಡಲಿ ಬದಲಿಸಬೇಕು. ಅದಕ್ಕಾಗಿ ಮತ್ತೊಮ್ಮೆ ಇಳಿಸುವುದು ಮೂರ್ಖತನ. ಎರಡು ತುಂಡಿನ ಫ್ಲೈವೀಲ್ ಇರುವ ಕಾರಾದರೆ ಅದರ ಆಟವನ್ನು ಅಳೆದು ನೋಡಬೇಕು. ಡಿಕ್ಯೂ200ರಂತಹ ಒಣ ಕ್ಲಚ್‌ಗಳಲ್ಲಿ ಬೇರಿಂಗ್ ಕೂರುವ ಎತ್ತರವನ್ನು ಗೇಜ್‌ನಿಂದ ಅಳೆದು ಸರಿಯಾದ ದಪ್ಪದ ಶಿಮ್ (ತೆಳು ಲೋಹದ ಬಿಲ್ಲೆ) ಆರಿಸಬೇಕಾಗುತ್ತದೆ. ‘ಹಳೆಯ ಶಿಮ್ಮೇ ಸಾಕು’ ಎನ್ನುವವರಿಂದ ಕಾರನ್ನು ವಾಪಸ್ ತೆಗೆದುಕೊಂಡು ಬನ್ನಿ. ಶಾಫ್ಟ್‌ನ ಹಲ್ಲುಗಳಿಗೆ ಗ್ರೀಸ್ ಸವರುವುದು ಬೆರಳ ತುದಿಯಷ್ಟಿರಲಿ. ಹೆಚ್ಚಾದದ್ದು ತಿರುಗುವಾಗ ಸಿಡಿದು ನೇರ ಪ್ಲೇಟಿಗೇ ಹೋಗುತ್ತದೆ. ಗೇರ್‌ಬಾಕ್ಸ್ ಏರಿಸುವಾಗ ಅದರ ಭಾರ ಒಂದು ಕ್ಷಣವೂ ಶಾಫ್ಟ್ ಮೇಲೆ ನೇತಾಡಬಾರದು. ಹಾಗೆ ನೇತಾಡಿ ಬಾಗಿದ ಹೊಸ ಪ್ಲೇಟೇ ಆಮೇಲೆ ಲಯ ಇಳಿಯುತ್ತಾ ಹೋಗುವ ನಡುಕವನ್ನು ಕೊಡುವುದು.

ಜೋಡಿಸಿ ಮುಗಿದ ಮೇಲೆ ಸ್ಕ್ಯಾನರ್‌ನಿಂದ ಹೊಸದಾಗಿ ಕಲಿಸಿ, ಸಮತಟ್ಟು ರಸ್ತೆಯಲ್ಲಿ ಹತ್ತು ಹದಿನೈದು ಸಲ ಹಗುರವಾಗಿ ಹೊರಟು ನಿಲ್ಲಿಸಬೇಕು, ನಡುನಡುವೆ ತಣಿಯಲು ಬಿಡಬೇಕು. ಹೊಸ ಮೇಲ್ಮೈಗಳು ಒಂದಕ್ಕೊಂದು ಹೊಂದಿಕೊಳ್ಳುವವರೆಗೆ ಅಲ್ಪಸ್ವಲ್ಪ ನಡುಕ ಸಹಜ. ಆದರೆ ಅದು ದಿನದಿಂದ ದಿನಕ್ಕೆ ಕಡಿಮೆಯಾಗುತ್ತಿರಬೇಕು. 500 ಕಿ.ಮೀ. ಓಡಿದ ಮೇಲೂ ಮೊದಲ ದಿನದಷ್ಟೇ ಇದ್ದರೆ ಮೊಬೈಲನ್ನು ಮತ್ತೆ ಡ್ಯಾಶ್‌ಬೋರ್ಡ್ ಮೇಲಿಟ್ಟು ಎಣಿಸಿ, ಹಳೆಯ ವಿಡಿಯೊ ಪಕ್ಕದಲ್ಲಿ ಹೊಸದನ್ನಿಟ್ಟು ವರ್ಕ್‌ಶಾಪ್‌ಗೆ ತೋರಿಸಿ.

ಇನ್ನು ಕಾಲಿನ ವಿಷಯ. ಏರಿನಲ್ಲಿ ಆಕ್ಸಿಲರೇಟರ್ ಒತ್ತಿ ಕಾರನ್ನು ನಿಲ್ಲಿಸಿಕೊಳ್ಳಬೇಡಿ, ಬ್ರೇಕ್ ಅಥವಾ ಆಟೋ ಹೋಲ್ಡ್ ಬಳಸಿ. ಮುಂದಿನ ಕಾರು ಒಂದು ಗಜ ಸರಿದ ಕೂಡಲೇ ನೀವೂ ತೆವಳಬೇಡಿ. ಒಂದಿಷ್ಟು ಜಾಗ ಆಗಲಿ, ಆಮೇಲೆ ಕ್ಲಚ್ ಪೂರ್ತಿ ಹಿಡಿಯುವಷ್ಟು ವೇಗದಲ್ಲಿ ಒಂದೇ ಸಲ ಹೋಗಿ. ಹಿಂದಿನವನು ಹಾರ್ನ್ ಹೊಡೆಯುತ್ತಾನೆ. ಹೊಡೆಯಲಿ, ಕ್ಲಚ್ ಅವನದಲ್ಲವಲ್ಲ.